ಹುಟ್ಟಿದ ದಿನದ ಸೂಜಿ, ಆರನೇ ವಾರದ ಪೆಂಟಾ: ಹೆಪಟೈಟಿಸ್-ಬಿ ಲಸಿಕೆಯ ಗೊಂದಲ ಎಲ್ಲಿಂದ ಬಂತು?

2025ರ ಡಿಸೆಂಬರ್ 5ರಂದು ಅಮೆರಿಕದ ಲಸಿಕಾ ಸಲಹಾ ಸಮಿತಿ 8–3 ಮತಗಳಿಂದ ಒಂದು ತೀರ್ಮಾನಕ್ಕೆ ಬಂತು. ತಾಯಿಗೆ ಹೆಪಟೈಟಿಸ್-ಬಿ ಎಂಬ ಯಕೃತ್ತಿನ ವೈರಸ್ ಸೋಂಕು ಇಲ್ಲವೆಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗಿದ್ದರೆ, ಮಗು ಹುಟ್ಟಿದ ಕೂಡಲೇ ಲಸಿಕೆ ಹಾಕಿಸಬೇಕೋ ಬೇಡವೋ ಎಂಬುದನ್ನು ತಂದೆ-ತಾಯಿ ವೈದ್ಯರ ಜೊತೆ ಮಾತಾಡಿ ನಿರ್ಧರಿಸಲಿ. ಆಗ ಬೇಡವೆಂದರೆ ಎರಡು ತಿಂಗಳಾದರೂ ಕಾಯಲಿ ಎಂದು ಅದು ಹೇಳಿತು. ಅದೇ ತಿಂಗಳು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಈ ಮಾತನ್ನು ಒಪ್ಪಿಕೊಂಡಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮಾತ್ರ ಒಪ್ಪಲಿಲ್ಲ. ಮೊದಲ ದಿನದ ಡೋಸ್ ಎಲ್ಲ ಮಕ್ಕಳಿಗೂ ಬೇಕೆಂದೇ ಅದು ಹೇಳಿತು.

ಇಂಥ ಸುದ್ದಿ ಸಮುದ್ರ ದಾಟಿ ವಾಟ್ಸ್‌ಆ್ಯಪಿಗೆ ಬಂದು ಬೀಳುವಷ್ಟರಲ್ಲಿ ಅದರ ‘ಆದರೆ’ಗಳೆಲ್ಲ ಉದುರಿಹೋಗಿರುತ್ತವೆ. ‘ತಾಯಿಗೆ ಇಲ್ಲವೆಂದು ಗೊತ್ತಾಗಿದ್ದರೆ’ ಎಂಬ ಷರತ್ತೂ ಇರುವುದಿಲ್ಲ, ‘ಎರಡು ತಿಂಗಳ ನಂತರ’ ಎಂಬುದೂ ಇರುವುದಿಲ್ಲ. ಉಳಿಯುವುದು ‘ಅಮೆರಿಕದಲ್ಲಿ ಈ ಲಸಿಕೆ ಬೇಡವಂತೆ’ ಎಂಬ ಒಂದು ಸಾಲು. ಮುಂಬೈ ಕಡೆಯ ಧಾರಾವಿಯಲ್ಲೋ ಡೊಂಬಿವಲಿಯಲ್ಲೋ ಆರು ವಾರದ ಕೂಸನ್ನು ಎತ್ತಿಕೊಂಡು, ಹೆಪಟೈಟಿಸ್-ಬಿಯೂ ಸೇರಿದ ಪೆಂಟಾ ಲಸಿಕೆ ಹಾಕಿಸಲು ಹೊರಟ ಕನ್ನಡದ ಕುಟುಂಬಕ್ಕೆ ಆಗ ಏಳುವ ಪ್ರಶ್ನೆ ಸಹಜವಾದದ್ದೇ: ಅಲ್ಲಿ ಬೇಡವಾದದ್ದನ್ನು ಇಲ್ಲಿ ನಾಲ್ಕು ಸಲ ಏಕೆ ಕೊಡುತ್ತಾರೆ?

ನಾಲ್ಕು ಸಲ ಎಂಬ ಲೆಕ್ಕ ಸರಿ. ಆದರೆ ಆ ನಾಲ್ಕೂ ಒಂದೇ ಕೆಲಸ ಮಾಡುವುದಿಲ್ಲ. ಗೊಂದಲದ ಬೇರು ಇರುವುದು ಇಲ್ಲೇ.

ಒಂದೇ ಹೆಸರು, ಎರಡು ಕೆಲಸ

ನಮ್ಮ ಸರ್ಕಾರಿ ಪಟ್ಟಿಯಲ್ಲಿ ಹೆಪಟೈಟಿಸ್-ಬಿ ಎರಡು ರೂಪದಲ್ಲಿ ಬರುತ್ತದೆ. ಹುಟ್ಟಿದ 24 ಗಂಟೆಯೊಳಗೆ ಬಿಸಿಜಿ ಮತ್ತು ಪೋಲಿಯೊ ಹನಿಯ ಜೊತೆ ಕೊಡುವುದು ಬರೀ ಹೆಪಟೈಟಿಸ್-ಬಿ ಲಸಿಕೆ. ಆಮೇಲೆ 6, 10 ಮತ್ತು 14ನೇ ವಾರಗಳಲ್ಲಿ ಎಡ ತೊಡೆಗೆ ಚುಚ್ಚುವುದು ಪೆಂಟಾ, ಅಂದರೆ ಪೆಂಟಾವೇಲೆಂಟ್. ಇದರಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಹಾಗೂ ಮಿದುಳುಪೊರೆಯ ಉರಿಯೂತ, ನ್ಯುಮೋನಿಯಾ ತರುವ ಹಿಬ್ ಎಂಬ ಬ್ಯಾಕ್ಟೀರಿಯಾ, ಈ ಐದರ ವಿರುದ್ಧದ ಅಂಶಗಳು ಸೇರಿವೆ.

ಮೊದಲ ದಿನದ ಡೋಸ್ ಓಡುವುದು ವೈರಸ್‌ನ ಜೊತೆ ಪೈಪೋಟಿಯಲ್ಲಿ. ತಾಯಿಯ ರಕ್ತದಲ್ಲಿ ಹೆಪಟೈಟಿಸ್-ಬಿ ಇದ್ದರೆ ಹೆರಿಗೆಯ ಹೊತ್ತಿನಲ್ಲಿ ಅದು ಮಗುವಿಗೆ ದಾಟಬಹುದು. ವೈರಸ್ ಯಕೃತ್ತಿನಲ್ಲಿ ತಳ ಊರುವ ಮುಂಚೆ ಮಗುವಿನ ದೇಹ ಎಚ್ಚೆತ್ತುಕೊಳ್ಳಬೇಕು. ಅದಕ್ಕೇ ದಿನಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ. ಈ ಆತುರಕ್ಕೆ ಇನ್ನೊಂದು ಕಾರಣವೂ ಇದೆ. ದೊಡ್ಡವರಿಗೆ ಈ ಸೋಂಕು ತಗುಲಿದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನ ತಾವಾಗಿಯೇ ಅದನ್ನು ಹೊರಹಾಕುತ್ತಾರೆ. ಹಸುಗೂಸಿನಲ್ಲಿ ಇದು ತಲೆಕೆಳಗು: ಸೋಂಕಿತ ಶಿಶುಗಳಲ್ಲಿ ಸುಮಾರು ಶೇ. 90ರಷ್ಟು ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿದುಬಿಡುತ್ತದೆ. ಮೂವತ್ತು-ನಲವತ್ತು ವರ್ಷ ಯಾವ ಸದ್ದೂ ಇರುವುದಿಲ್ಲ. ಆಮೇಲೆ ಯಕೃತ್ತು ಗಟ್ಟಿಯಾಗುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ಕ್ಯಾನ್ಸರ್. ಕುಡಿತ ಮುಟ್ಟದವನಿಗೂ ಲಿವರ್ ಹೋಯಿತಂತೆ ಎಂದು ಊರಲ್ಲಿ ಅಚ್ಚರಿಪಡುವ ಕೆಲವು ಸಾವುಗಳ ಹಿಂದೆ ಇರುವುದು ಇದೇ.

ಹಾಗಾದರೆ ಪೆಂಟಾವನ್ನೇ ಮೊದಲ ದಿನ ಕೊಡಬಾರದೇಕೆ? ಅದರೊಳಗಿನ ನಾಯಿಕೆಮ್ಮು ಮತ್ತಿತರ ಅಂಶಗಳಿಗೆ ಆರು ವಾರಕ್ಕಿಂತ ಚಿಕ್ಕ ಕೂಸಿನ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳೂ ಅಡ್ಡ ನಿಲ್ಲುತ್ತವೆ. ಈ ಐದರಲ್ಲಿ ಹೆಪಟೈಟಿಸ್-ಬಿ ಮಾತ್ರ ಹುಟ್ಟಿದ ದಿನವೇ ಫಲ ಕೊಡುವ ಲಸಿಕೆ. ಆದರೆ ಒಂದೇ ಡೋಸಿನ ರಕ್ಷಣೆ ಬಹುಕಾಲ ನಿಲ್ಲದು. ಬಾಲ್ಯದಲ್ಲಿ ಸೋಂಕು ಮನೆಯೊಳಗಿನಿಂದಲೂ ಬರಬಹುದು: ಗಾಯ, ಹಂಚಿಕೊಂಡ ಬ್ಲೇಡು, ಟೂತ್‌ಬ್ರಷ್. ಈ ವೈರಸ್ ದೇಹದ ಹೊರಗೆ ಏಳು ದಿನವಾದರೂ ಬದುಕಿರಬಲ್ಲದು. ಹತ್ತಡಿ ಕೋಣೆಯಲ್ಲಿ ಏಳೆಂಟು ಜನ ಮಲಗುವ ಊರಿನಲ್ಲಿ ಇದು ಪುಸ್ತಕದ ಮಾತಲ್ಲ. ಮುಂದಿನ ಈ ಕಾಲಕ್ಕೆ ಬೇಲಿ ಹಾಕುವುದು ಪೆಂಟಾದ ಮೂರು ಡೋಸ್. ಸರಣಿ ಮುಗಿಸಿದ ಸುಮಾರು ಶೇ. 95ರಷ್ಟು ಮಕ್ಕಳಿಗೆ ಸಾಕಷ್ಟು ರಕ್ಷಣೆ ಬರುತ್ತದೆ.

ಇನ್ನೊಂದು ಮಾತು. ‘ಕಾಮಾಲೆ ಲಸಿಕೆ’ ಎಂದು ಇದನ್ನು ಕರೆಯುವವರಿದ್ದಾರೆ. ಮಳೆಗಾಲದ ಕೊಳಕು ನೀರಿನಿಂದ ಹರಡುವ ಕಾಮಾಲೆ ಹೆಪಟೈಟಿಸ್-ಎ ಅಥವಾ ಇ. ಅದಕ್ಕೂ ಪೆಂಟಾಕ್ಕೂ ಸಂಬಂಧವಿಲ್ಲ. ‘ಲಸಿಕೆ ಹಾಕಿಸಿದ್ದೆವು, ಆದರೂ ಕಾಮಾಲೆ ಬಂತು’ ಎಂಬ ದೂರು ಹಲವು ಸಲ ಈ ಹೆಸರಿನ ತಪ್ಪಿನಿಂದ ಹುಟ್ಟಿದ್ದು.

ಐದನ್ನು ಒಂದೇ ಸೀಸೆಗೆ ಏಕೆ ತುಂಬಿದರು

ಲೆಕ್ಕ ಸರಳ. ಮೊದಲಿದ್ದ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿದ ಲಸಿಕೆ), ಹೆಪಟೈಟಿಸ್-ಬಿ, ಹಿಬ್ ಮೂರನ್ನೂ ಬೇರೆ ಬೇರೆ ಕೊಟ್ಟರೆ ಮೂರು ಭೇಟಿಗೆ ಒಂಬತ್ತು ಸೂಜಿ. ಪೆಂಟಾ ಬಂದರೆ ಮೂರೇ. ಇದರಿಂದ ಮಗುವಿನ ಅಳು ಕಡಿಮೆಯಾಗುವುದು ಒಂದು ಲಾಭ. ಅದಕ್ಕಿಂತ ದೊಡ್ಡದು, ಒಂದು ಲಸಿಕೆ ಹಾಕಿಸಿಕೊಂಡು ಇನ್ನೊಂದನ್ನು ‘ಮುಂದಿನ ಸಲ’ ಎಂದು ಬಿಡುವ ದಾರಿಯೇ ಮುಚ್ಚುತ್ತದೆ. ದಿನಗೂಲಿಯ ಮನೆಯಲ್ಲಿ ಆ ಮುಂದಿನ ಸಲ ಬಹಳ ಸಲ ಬರುವುದೇ ಇಲ್ಲ.

ಭಾರತದಲ್ಲಿ ಹೆಪಟೈಟಿಸ್-ಬಿ ಲಸಿಕೆ ಒಂದು ಕಾಲಕ್ಕೆ ಶ್ರೀಮಂತರ ಲಸಿಕೆಯಾಗಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದಲ್ಲೇ ಅದನ್ನು ತಯಾರಿಸಿದ ಮೇಲೆ ಬೆಲೆ ಕುಸಿಯಿತು. 2002–03ರಲ್ಲಿ ಪ್ರಾಯೋಗಿಕವಾಗಿ ಸರ್ಕಾರಿ ಪಟ್ಟಿಗೆ ಬಂದ ಲಸಿಕೆ 2011ರ ಹೊತ್ತಿಗೆ ದೇಶವಿಡೀ ಹರಡಿತು. ಪೆಂಟಾ 2011ರ ಡಿಸೆಂಬರಿನಲ್ಲಿ ಕೇರಳ ಮತ್ತು ತಮಿಳುನಾಡಿನಲ್ಲಿ ಶುರುವಾಯಿತು. ಕರ್ನಾಟಕ, ಗೋವಾ ಎರಡನೇ ಸುತ್ತಿನಲ್ಲಿ ಸೇರಿದವು, ಮಹಾರಾಷ್ಟ್ರ ಆಮೇಲೆ. ಪುಣೆಯ ಹಡಪ್ಸರದಲ್ಲಿರುವ ಸೀರಂ ಇನ್‌ಸ್ಟಿಟ್ಯೂಟ್ ಈ ಲಸಿಕೆಯ ದೊಡ್ಡ ತಯಾರಕರಲ್ಲೊಂದು.

ಬೆರೆಸುವುದೆಂದರೆ ಐದು ಸೀಸೆಗಳನ್ನು ಒಂದಕ್ಕೆ ಸುರಿಯುವುದಲ್ಲ. ಒಂದು ಅಂಶ ಇನ್ನೊಂದರ ಬಲ ಕುಗ್ಗಿಸಬಹುದು. ಯುರೋಪಿನಲ್ಲಿ 2000ದಲ್ಲಿ ಆರು ರೋಗಗಳ ವಿರುದ್ಧದ ಅಂಶ ಸೇರಿದ ಎರಡು ಲಸಿಕೆಗಳಿಗೆ ಪರವಾನಗಿ ಸಿಕ್ಕಿತು. ಅವುಗಳಲ್ಲಿ ಹೆಕ್ಸಾವ್ಯಾಕ್ ಎಂಬುದನ್ನು 2005ರಲ್ಲಿ ಮಾರುಕಟ್ಟೆಯಿಂದ ತಡೆಹಿಡಿದರು. ಕಾರಣ, ಅದರೊಳಗಿನ ಹೆಪಟೈಟಿಸ್-ಬಿ ಅಂಶದ ರಕ್ಷಣೆ ದೀರ್ಘಕಾಲ ನಿಲ್ಲುತ್ತದೋ ಇಲ್ಲವೋ ಎಂಬ ಅನುಮಾನ. ಮಕ್ಕಳಿಗೆ ಹಾನಿಯಾಯಿತೆಂದಲ್ಲ, ಲಾಭ ಸಾಲದು ಎಂದು. ಸಂಯುಕ್ತ ಲಸಿಕೆಗಳನ್ನು ಯಾರೂ ಪರೀಕ್ಷಿಸುವುದಿಲ್ಲ ಎನ್ನುವವರು ಈ ಪ್ರಕರಣವನ್ನು ಗಮನಿಸಬೇಕು.

‘ಇಷ್ಟೊಂದು ಒಟ್ಟಿಗೆ ಬೇಕೆ?’

ಸಂಯುಕ್ತ ಲಸಿಕೆಯ ವಿರುದ್ಧ ಕೇಳಿಬರುವ ಮುಖ್ಯ ಆಕ್ಷೇಪ ಇದು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರೇ ದಡಾರ, ಮಂಗಬಾವು, ರುಬೆಲ್ಲಾ ಲಸಿಕೆಯನ್ನು ಮೂರಾಗಿ ಬಿಡಿಸಿ ಕೊಡಬೇಕು, ಹೆಪಟೈಟಿಸ್-ಬಿ ಲಸಿಕೆಗೆ ಹನ್ನೆರಡು ವರ್ಷದ ತನಕ ಕಾಯಬೇಕು ಎಂಬರ್ಥದ ಮಾತಾಡಿದರು. ಹೆಪಟೈಟಿಸ್-ಬಿ ಲೈಂಗಿಕವಾಗಿ ಹರಡುತ್ತದೆಂಬುದು ಅವರ ವಾದ. ಹರಡುವುದು ನಿಜ. ಹೆರಿಗೆಯಲ್ಲೂ ಹರಡುತ್ತದೆ, ಮತ್ತು ಅಪಾಯ ಅಲ್ಲೇ ಹೆಚ್ಚು ಎಂಬುದು ಆ ಮಾತಿನಲ್ಲಿ ಬಿಟ್ಟುಹೋದ ಭಾಗ.

ಎಣಿಸಬೇಕಾದದ್ದು ಸೂಜಿಯನ್ನೂ ಅಲ್ಲ, ಲಸಿಕೆಯ ಹೆಸರುಗಳನ್ನೂ ಅಲ್ಲ. ದೇಹ ಗುರುತಿಸಬೇಕಾದ ಪ್ರೋಟೀನುಗಳನ್ನು. ಹೆಪಟೈಟಿಸ್-ಬಿ ಲಸಿಕೆಯಲ್ಲಿರುವುದು ಒಂದೇ ಒಂದು ಪ್ರೋಟೀನು, ಯೀಸ್ಟಿನಲ್ಲಿ ಬೆಳೆಸಿದ್ದು. ಅಜ್ಜಿಯರ ಕಾಲದ ಡಿಪಿಟಿಯಲ್ಲಿದ್ದ ಇಡೀ ಜೀವಕೋಶದ ನಾಯಿಕೆಮ್ಮಿನ ಅಂಶದಲ್ಲಿ ಸುಮಾರು 3,000 ಪ್ರೋಟೀನುಗಳು. ನಮ್ಮ ಪೆಂಟಾದಲ್ಲೂ ಅದೇ ನಾಯಿಕೆಮ್ಮಿನ ಅಂಶ ಇದೆ. ಡಿಪಿಟಿಗೆ ಹೆಪಟೈಟಿಸ್-ಬಿ ಸೇರಿಸಿದಾಗ ಹೊರೆ ಏರಿದ್ದು ಮೂರು ಸಾವಿರದ ಮೇಲೆ ಒಂದು. ಪೆಂಟಾ ಹಾಕಿಸಿದ ರಾತ್ರಿ ಜ್ವರ, ತೊಡೆ ಬಾವು ಬರುವುದೂ ಬಹುಪಾಲು ಆ ನಾಯಿಕೆಮ್ಮಿನ ಅಂಶದಿಂದಲೇ. ಬೈಗುಳ ತಿನ್ನುವುದು ಹೊಸದಾಗಿ ಸೇರಿದ್ದು.

ಇನ್ನೂ ಗಂಭೀರವಾದ ಆಕ್ಷೇಪವೂ ಬಂದದ್ದುಂಟು. ಪೆಂಟಾ ಪಡೆದ ಬಳಿಕ ಶಿಶುಗಳು ಸತ್ತ ವರದಿಗಳ ಮೇಲೆ ಶ್ರೀಲಂಕಾ 2008ರಲ್ಲಿ, ಭೂತಾನ್ 2009ರಲ್ಲಿ, ವಿಯೆಟ್ನಾಂ 2013ರಲ್ಲಿ ಲಸಿಕೆಯನ್ನು ನಿಲ್ಲಿಸಿದವು. ತನಿಖೆಗಳಲ್ಲಿ ಸಾವಿಗೆ ಲಸಿಕೆಯೇ ಕಾರಣವೆಂದು ಸ್ಥಾಪಿತವಾಗಲಿಲ್ಲ. ಮೂರೂ ದೇಶಗಳು ಮತ್ತೆ ಆರಂಭಿಸಿದವು. ಭಾರತದಲ್ಲೂ ಕೆಲವು ವೈದ್ಯರು ಮತ್ತು ಸಾರ್ವಜನಿಕ ಆರೋಗ್ಯದ ಕಾರ್ಯಕರ್ತರು ಪೆಂಟಾದ ಅಗತ್ಯವನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದರು. ಒಂದು ತೊಡಕು ಇಲ್ಲಿ ಉಳಿದೇ ಇರುತ್ತದೆ. ಕಾರಣ ತಿಳಿಯದ ಹಠಾತ್ ಶಿಶುಮರಣಗಳು ಹೆಚ್ಚಾಗಿ ಆಗುವ ವಯಸ್ಸೂ ಎರಡರಿಂದ ನಾಲ್ಕು ತಿಂಗಳು, ಪೆಂಟಾ ಕೊಡುವ ವಯಸ್ಸೂ ಅದೇ. ಒಂದರ ಹಿಂದೆ ಒಂದು ಬಂದದ್ದನ್ನು ಒಂದರಿಂದ ಒಂದು ಬಂತೆಂದು ನೋಡುವುದು ದುಃಖದಲ್ಲಿರುವವರಿಗೆ ಸಹಜ. ಅದಕ್ಕೇ ಪ್ರತಿ ಪ್ರಕರಣದ ತನಿಖೆ ಬೇಕು, ವರದಿ ಮನೆಯವರ ಕೈಗೆ ಸಿಗಬೇಕು. ಇಲ್ಲಿ ವ್ಯವಸ್ಥೆಯ ಮೌನ ವದಂತಿಗೆ ನೀರೆರೆಯುತ್ತದೆ.

ಅಮೆರಿಕದ ವಾದ, ಅದು ನಿಲ್ಲುವ ನೆಲ

ಅಮೆರಿಕದ ಸಮಿತಿಯನ್ನು ಸಮರ್ಥಿಸುವವರ ಮಾತು ಹೀಗಿದೆ: ತಾಯಂದಿರಿಗೆ ಬಸಿರಿನಲ್ಲೇ ಪರೀಕ್ಷೆ ಆಗುತ್ತದೆ, ಸೋಂಕು ಇಲ್ಲದ ತಾಯಿಯ ಮಗುವಿಗೆ ಮೊದಲ ದಿನವೇ ಏಕೆ? ಬ್ರಿಟನ್ ಕೂಡ ಎಲ್ಲ ಮಕ್ಕಳಿಗೂ ಮೊದಲ ದಿನ ಕೊಡುವುದಿಲ್ಲವಲ್ಲ? ನಿಜ, ಬ್ರಿಟನ್ 2017ರಿಂದ ಆರು ಸೇರಿದ ಲಸಿಕೆಯಲ್ಲಿ ಹೆಪಟೈಟಿಸ್-ಬಿ ಕೊಡುತ್ತಿದೆ, ಎಂಟನೇ ವಾರದಿಂದ. ಅಲ್ಲಿ ಸೋಂಕಿತ ತಾಯಿಯ ಮಗುವಿಗೆ ಮಾತ್ರ ಹುಟ್ಟಿದ ಕೂಡಲೇ ಡೋಸ್.

ವಿರೋಧಿಗಳ ಉತ್ತರ ಅಮೆರಿಕದ್ದೇ ಇತಿಹಾಸದಲ್ಲಿದೆ. 1980ರ ದಶಕದಲ್ಲಿ ಅಲ್ಲಿ ‘ಅಪಾಯ ಇರುವವರಿಗೆ ಮಾತ್ರ’ ಎಂಬ ನೀತಿಯೇ ಇತ್ತು. ಅಪಾಯ ಇರುವವರನ್ನು ಹುಡುಕಿ ಹಿಡಿಯುವುದರಲ್ಲೇ ಅದು ಸೋತಿತು. ಪರೀಕ್ಷೆಯಾಗದ ತಾಯಂದಿರು, ಕಳೆದುಹೋದ ವರದಿಗಳು, ಪರೀಕ್ಷೆಯ ನಂತರ ತಗುಲಿದ ಸೋಂಕು. 1991ರಲ್ಲಿ ಎಲ್ಲ ಶಿಶುಗಳಿಗೂ ಲಸಿಕೆ ಎಂದು ಬದಲಾಯಿಸಿದ್ದು ಈ ಸೋಲಿನಿಂದ.

ಈಗ ಈ ವಾದವನ್ನು ನಮ್ಮ ನೆಲಕ್ಕೆ ತಂದು ನಿಲ್ಲಿಸಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್-ಬಿ ಇದ್ದವರು ಸುಮಾರು 2.98 ಕೋಟಿ. ಬಸಿರಿನಲ್ಲಿ ಪರೀಕ್ಷೆ ಮಾಡಿಸಬೇಕೆಂಬ ನಿಯಮ ನಮ್ಮಲ್ಲೂ ಇದೆ. ಆದರೆ ಪರೀಕ್ಷೆ ಮುಂಬೈಯಲ್ಲಿ, ಹೆರಿಗೆ ಕಲಬುರಗಿಯಲ್ಲಿ ಆದಾಗ ವರದಿ ಹೆರಿಗೆ ಕೋಣೆಯ ತನಕ ಬರುತ್ತದೆಂಬ ಖಾತರಿ ಏನು? ಅಮೆರಿಕದ ತೀರ್ಮಾನ ತಪ್ಪೋ ಸರಿಯೋ ಎಂಬ ಜಗಳ ಅವರಿಗೆ ಬಿಟ್ಟದ್ದು. ಅದು ನಿಂತಿರುವ ಷರತ್ತು ನಮ್ಮಲ್ಲಿ ಇಲ್ಲ, ನಮಗೆ ಇಷ್ಟು ಸಾಕು.

ಒಂದೇ ದೋಣಿಯ ಪಯಣಿಗರು

ಸಂಯುಕ್ತ ಲಸಿಕೆಯ ನಿಜವಾದ ದೌರ್ಬಲ್ಯ ಬೇರೆಡೆ ಇದೆ, ಅದರ ಚರ್ಚೆ ಕಡಿಮೆ. ಐದೂ ಒಂದೇ ದೋಣಿಯಲ್ಲಿ ಕೂತಿರುವುದರಿಂದ ಒಂದರ ಮೇಲಿನ ಸಂಶಯ ಉಳಿದ ನಾಲ್ಕನ್ನೂ ಮುಳುಗಿಸಬಲ್ಲದು. ಹೆಪಟೈಟಿಸ್-ಬಿ ಬೇಡವೆಂದು ಪೆಂಟಾ ತಪ್ಪಿಸಿದ ಮನೆಯಲ್ಲಿ ಮಗು ಕಳೆದುಕೊಳ್ಳುವುದು ಗಂಟಲಮಾರಿ, ನಾಯಿಕೆಮ್ಮಿನ ರಕ್ಷಣೆಯನ್ನೂ. ಹೆಪಟೈಟಿಸ್ ಅಪಾಯ ಕಾಣಿಸಲು ಮೂವತ್ತು ವರ್ಷ ಬೇಕು. ಗಂಟಲಮಾರಿಗೆ ಒಂದು ವಾರ ಸಾಕು.

ಅಮೆರಿಕದಲ್ಲೇ ಈ ತೊಡಕು ಎದ್ದಿದೆ. ಮುಂದಿನ ಡೋಸ್ ಬೇಕೋ ಬೇಡವೋ ಎಂದು ರಕ್ತದಲ್ಲಿನ ಪ್ರತಿಕಾಯ ನೋಡಿ ನಿರ್ಧರಿಸುವ ಆಯ್ಕೆಯನ್ನೂ ಆ ಸಮಿತಿ ಮುಂದಿಟ್ಟಿತು. ಹೆಪಟೈಟಿಸ್-ಬಿ ಒಂದೇ ಇರುವ ಲಸಿಕೆಗೆ ಇದು ಹೊಂದೀತು. ಆದರೆ ಅಲ್ಲಿ ಬಳಕೆಯಲ್ಲಿರುವ ಪೀಡಿಯಾರಿಕ್ಸ್, ವ್ಯಾಕ್ಸೆಲಿಸ್‌ನಂಥ ಸಂಯುಕ್ತ ಲಸಿಕೆಗಳಿಂದ ಹೆಪಟೈಟಿಸ್-ಬಿಯನ್ನು ಸೋಸಿ ತೆಗೆಯಲಾಗದು. ಒಂದನ್ನು ಬಿಡುವ ಆಯ್ಕೆ ಮಾಡಿದರೆ ಬೇರೆಯವು ಬಿಡಿಬಿಡಿಯಾಗಿ ಸೂಜಿಗಳಾಗಿ ಮರಳುತ್ತವೆ. ಸೂಜಿ ಹೆಚ್ಚಾದಂತೆ ತಪ್ಪುವ ಡೋಸೂ ಹೆಚ್ಚು.

ದೋಣಿ ತೇಲಿಸಿದ್ದೂ ಉಂಟು. ಫ್ರಾನ್ಸ್ 1998ರಲ್ಲಿ, ನರರೋಗವೊಂದರ ಅನುಮಾನದಿಂದ ಶಾಲೆಗಳಲ್ಲಿ ಹೆಪಟೈಟಿಸ್-ಬಿ ಲಸಿಕೆಯನ್ನು ನಿಲ್ಲಿಸಿತು. ಮುಂದಿನ ಅಧ್ಯಯನಗಳು ಸಂಬಂಧವಿಲ್ಲವೆಂದವು, ಆದರೂ ಹತ್ತು ವರ್ಷ ಜನ ಆ ಲಸಿಕೆಯ ಹತ್ತಿರ ಹೋಗಲು ಹಿಂಜರಿದರು. 2008ರಲ್ಲಿ ಆರು ಸೇರಿದ ಲಸಿಕೆಯ ಖರ್ಚನ್ನು ಸರ್ಕಾರಿ ವಿಮೆ ಭರಿಸತೊಡಗಿದ ಮೇಲೆ ಶಿಶುಗಳಲ್ಲಿ ಹೆಪಟೈಟಿಸ್-ಬಿ ಲಸಿಕೆಯ ಪ್ರಮಾಣ ಏರಿತು. ಹೆದರಿಕೆ ಹೋಯಿತೆಂದಲ್ಲ; ಬೇರೆಯಾಗಿ ‘ಬೇಡ’ ಎನ್ನುವ ಸಂದರ್ಭವೇ ಇಲ್ಲವಾಯಿತು. ಇದು ಪೋಷಕರ ಆಯ್ಕೆಯನ್ನು ಕಿತ್ತುಕೊಂಡಂತಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು.

ತವರಿನಿಂದ ಮುಂಬೈಗೆ: ಕೊಂಡಿ ಕಳಚುವ ಜಾಗ

ಮುಂಬೈ, ಪುಣೆ, ಗೋವಾದ ಕನ್ನಡಿಗರ ಮಟ್ಟಿಗೆ ಅಮೆರಿಕದ ಮತದಾನಕ್ಕಿಂತ ತವರಿನ ಬಾಣಂತನ ಹೆಚ್ಚು ಮುಖ್ಯ. ಚೊಚ್ಚಲ ಹೆರಿಗೆಗೆ ಉಡುಪಿಗೋ ವಿಜಯಪುರಕ್ಕೋ ಯಾದಗಿರಿಗೋ ಹೋಗುವುದು ನಮ್ಮ ರೂಢಿ. ಮೊದಲ ದಿನದ ಡೋಸ್ ಅಲ್ಲಿ ಆಗುತ್ತದೆ. ಮೂರನೇ ತಿಂಗಳಲ್ಲಿ ಮತ್ಸ್ಯಗಂಧವೋ ಉದ್ಯಾನ್ ಎಕ್ಸ್‌ಪ್ರೆಸ್ಸೋ ಹತ್ತಿ ತಾಯಿ-ಮಗು ಮರಳುತ್ತಾರೆ. ಪೆಂಟಾದ ಮೂರು ಡೋಸ್ ಬರುವುದೂ ಸರಿಯಾಗಿ ಈ ಆರರಿಂದ ಹದಿನಾಲ್ಕು ವಾರದ ನಡುವೆ. ಒಂದು ಡೋಸ್ ಊರಲ್ಲಿ, ಇನ್ನೊಂದು ‘ಮುಂಬೈಗೆ ಹೋದ ಮೇಲೆ’, ಮೂರನೆಯದು ಯಾರ ಲೆಕ್ಕಕ್ಕೂ ಇಲ್ಲ. ವಾಸ್ಕೋದ ಕಾರ್ಮಿಕ ಕುಟುಂಬಕ್ಕೂ ಪುಣೆಯಲ್ಲಿ ಕಟ್ಟಡ ಏಳುವ ಜಾಗದಲ್ಲೇ ಶೆಡ್ಡು ಕಟ್ಟಿಕೊಂಡವರಿಗೂ ಇದೇ ಪಾಡು, ಅವರ ವಿಳಾಸ ಇನ್ನೂ ಬೇಗ ಬದಲಾಗುತ್ತದೆ.

ಮೊದಲ ಪೆಂಟಾವನ್ನೂ ಪಡೆಯದ ಮಕ್ಕಳನ್ನು ಆರೋಗ್ಯ ಇಲಾಖೆ ‘ಶೂನ್ಯ ಡೋಸ್’ ಮಕ್ಕಳೆಂದು ಎಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿನಲ್ಲಿ ಭಾರತದಲ್ಲಿ ಇವರ ಸಂಖ್ಯೆ 2023ರ 16 ಲಕ್ಷದಿಂದ 2024ರಲ್ಲಿ 9 ಲಕ್ಷಕ್ಕೆ ಇಳಿಯಿತು. ಇಳಿಕೆ ದೊಡ್ಡದು. ಆದರೆ ಈ ಎಣಿಕೆಗೆ ಸಿಗದವರು ಒಂದು ಡೋಸ್ ಪಡೆದು ಮುಂದಿನದು ತಪ್ಪಿದವರು. ಊರಿಂದೂರಿಗೆ ಓಡಾಡುವ ನಮ್ಮ ಕುಟುಂಬಗಳಿಗೆ ಈ ಅಪಾಯವೇ ಹೆಚ್ಚು.

ಲಸಿಕೆಯ ತಾರೀಖು ಬರೆದಿಡುವ ತಾಯಿ ಕಾರ್ಡು ಇಲ್ಲಿ ಮುಖ್ಯವಾಗುವುದು ಅದಕ್ಕೇ. ಬಿಸಿಜಿ ಎಡ ತೋಳಿನ ಮೇಲೆ ಕಲೆ ಬಿಡುತ್ತದೆ, ಕಾರ್ಡ್ ಕಳೆದರೂ ಮಗುವಿನ ತೋಳೇ ಸಾಕ್ಷಿ. ಹೆಪಟೈಟಿಸ್-ಬಿಯಾಗಲಿ ಪೆಂಟಾ ಆಗಲಿ ಯಾವ ಗುರುತೂ ಉಳಿಸುವುದಿಲ್ಲ. ಕನ್ನಡದ ಕಾರ್ಡನ್ನು ಮುಂಬೈ ಪಾಲಿಕೆಯ ದವಾಖಾನೆಯ ಮರಾಠಿ ಸಿಸ್ಟರ್ ಓದಲಾರರೆಂಬ ಅಳುಕು ಬೇಡ. ಸಾಲುಗಳ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ, ತಾರೀಖು ಅಂಕಿಯಲ್ಲೇ ಇರುತ್ತದೆ. ಸರ್ಕಾರ ಲಸಿಕೆಯ ದಾಖಲೆ ಇಡುವ ಯು-ವಿನ್ ಪೋರ್ಟಲಿನಲ್ಲಿ ನೋಂದಣಿಯಾಗಿದ್ದರೆ ಮೊಬೈಲ್ ನಂಬರಿನ ಮೇಲೆ ಯಾವ ರಾಜ್ಯದಲ್ಲಾದರೂ ದಾಖಲೆ ತೆಗೆಯಬಹುದು. ಊರಲ್ಲಿ ಅಜ್ಜನ ನಂಬರ್ ಕೊಟ್ಟು ಬಂದಿದ್ದರೆ ಒಟಿಪಿ ಅಜ್ಜನಿಗೆ ಹೋಗುತ್ತದೆ, ಅಷ್ಟು ನೆನಪಿರಲಿ.

ಡೋಸ್ ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ನಿಂತಲ್ಲಿಂದ, ಕನಿಷ್ಠ ನಾಲ್ಕು ವಾರದ ಅಂತರದಲ್ಲಿ ಮುಂದುವರಿಸುತ್ತಾರೆ. ದಾಖಲೆಯೇ ಇಲ್ಲದಿದ್ದರೆ ಕೊಟ್ಟಿಲ್ಲವೆಂದೇ ಭಾವಿಸಿ ಕೊಡುವುದು ವಾಡಿಕೆ. ಹೆಪಟೈಟಿಸ್-ಬಿಯ ಒಂದು ಡೋಸ್ ಹೆಚ್ಚಾದರೆ ತೊಂದರೆಯಿಲ್ಲ.

ಪುಕ್ಕಟೆಯದು ಕಡಿಮೆಯದೇ?

ಖಾಸಗಿ ಕ್ಲಿನಿಕ್‌ನಲ್ಲಿ ‘ಪೇನ್‌ಲೆಸ್’ ಎಂದು ಕರೆಯುವ ಆರು ಸೇರಿದ ಲಸಿಕೆಗೆ ಒಂದು ಡೋಸಿಗೆ ಮೂರು-ನಾಲ್ಕು ಸಾವಿರ ರೂಪಾಯಿ ಹೋಗುತ್ತದೆ. ಸೂಜಿಯ ನೋವು ಎರಡರಲ್ಲೂ ಅಷ್ಟೇ. ದುಬಾರಿಯದರಲ್ಲಿ ನಾಯಿಕೆಮ್ಮಿನ ಇಡೀ ಜೀವಕೋಶದ ಬದಲು ಕೆಲವೇ ಪ್ರೋಟೀನು ಇರುವುದರಿಂದ ಜ್ವರ, ಬಾವು ಕಡಿಮೆ, ಪೋಲಿಯೊ ಚುಚ್ಚುಮದ್ದೂ ಸೇರಿರುತ್ತದೆ. ಆದರೆ ಆ ಬಗೆಯ ನಾಯಿಕೆಮ್ಮು ರಕ್ಷಣೆ ಬೇಗ ಮಾಸುತ್ತದೆಂಬುದು ಅದನ್ನೇ ನೆಚ್ಚಿದ ದೇಶಗಳ ಅನುಭವ. ಹೆಪಟೈಟಿಸ್-ಬಿ ಮಟ್ಟಿಗೆ ಸರ್ಕಾರಿ ಪೆಂಟಾ ಯಾವುದರಲ್ಲೂ ಹಿಂದಿಲ್ಲ. ಒಂದು ರಾತ್ರಿಯ ಜ್ವರ ತಪ್ಪಿಸಲು ಸಾಲ ಮಾಡುವ ಕುಟುಂಬಗಳಿಗೆ ಈ ಮಾತನ್ನು ಕ್ಲಿನಿಕ್ಕಿನಲ್ಲೇ ಯಾರಾದರೂ ಹೇಳಬೇಕಿತ್ತು.

ಮುಂದೆ ಬರುವುದು

ಸರ್ಕಾರಿ ಪಟ್ಟಿಯಲ್ಲಿ ಈಗ ಪೋಲಿಯೊ ಚುಚ್ಚುಮದ್ದು ಬೇರೆಯಾಗಿದೆ: 6 ಮತ್ತು 14ನೇ ವಾರ, ಆಮೇಲೆ 9ನೇ ತಿಂಗಳು, ತೋಳಿನ ಚರ್ಮಕ್ಕೆ. ಪೆಂಟಾದ ಬಗೆಯದೇ ನಾಯಿಕೆಮ್ಮಿನ ಅಂಶವಿಟ್ಟುಕೊಂಡು ಪೋಲಿಯೊವನ್ನೂ ಸೇರಿಸಿದ ಆರರ ಲಸಿಕೆಯನ್ನು ಪುಣೆಯ ಸೀರಂ ಸಂಸ್ಥೆ ತಯಾರಿಸಿದೆ; ಅದಕ್ಕೆ ಬೇಕಾದ ಪೋಲಿಯೊ ಪರಿಣತಿ 2012ರಲ್ಲಿ ಅದು ಕೊಂಡ ನೆದರ್‌ಲೆಂಡ್ಸ್‌ನ ಬಿಲ್ತೋವನ್ ಕಂಪನಿಯಿಂದ ಬಂದದ್ದು. ಇಂಥದು ಸರ್ಕಾರಿ ಪಟ್ಟಿಗೆ ಬಂದರೆ 6 ಮತ್ತು 14ನೇ ವಾರದ ಭೇಟಿಯಲ್ಲಿ ಒಂದೊಂದು ಸೂಜಿ ತಗ್ಗುತ್ತದೆ, ದೋಣಿಗೆ ಆರನೇ ಪಯಣಿಗ ಹತ್ತುತ್ತಾನೆ. ಆಗಲೂ ಮೊದಲ ದಿನದ ಹೆಪಟೈಟಿಸ್-ಬಿ ಬೇರೆ ಸೂಜಿಯಾಗಿಯೇ ಉಳಿಯುತ್ತದೆ, ಏಕೆಂದರೆ ಆರು ಸೇರಿದ ಲಸಿಕೆಯೂ ಆರನೇ ವಾರಕ್ಕಿಂತ ಮುಂಚೆ ಕೊಡುವಂಥದ್ದಲ್ಲ.